ಬಾಣಂತಿ ಅಂಗಳಕ್ಕೆ ಬಂದ ದಿನ

ಈಗತಾನೇ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಗಲಗಲ ಅಂದವು. ಗಾಬರಿಯಾಗಬೇಡಿ, ಮಧ್ಯಾಹ್ನ ಒಂದು ಗಂಟೆಯಾಯಿತು, ಅಷ್ಟೇ. ತೋವಿನಕೆರೆ ಕಡೆಯ ನಮ್ಮೂರಿನ ಕ್ವಾರಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಹೊತ್ತು. ಈ ಸದ್ದು ಕೇಳಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಮುದ್ದೆಗೆ ಎಸರಿಡುತ್ತಾರೆ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಮಾತ್ರ ಬೆಳಿಗ್ಗೆಯೇ ನೆಲ ಅದುರಿತು. ನಾನಾಗ ಪಕ್ಕದ ಮನೆಯ ಕೆಂಚಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕೆಂಚಮ್ಮ ಕುರಿ ಸಾಕಿ ಸಂಸಾರ ಕಟ್ಟಿದವಳು. ಒಳಗೆ ಅವಳ ಮಗಳು ಲಕ್ಷ್ಮಿ, ಒಂಬತ್ತು ದಿನದ ಬಾಣಂತಿ. ಗಾಳಿ ಸೋಕಬಾರದೆಂದು ಕಿಟಕಿಯ ಸಂದಿಗೂ ಹಳೇ ಸೀರೆ ತುರುಕಿದ್ದ ಮಹಾತಾಯಿ ಈ ಕೆಂಚಮ್ಮ.

ನಾನೋ ಸಮಾಜ ವಿಜ್ಞಾನದ ಮೇಷ್ಟ್ರು, ಕೇಳಬೇಕೆ? "ಏನಿಲ್ಲ, ಕ್ವಾರಿ ಕಣಮ್ಮ. ನಮ್ದು ಗಟ್ಟಿ ಹಾಸುಬಂಡೆ, ಇಲ್ಲಿ ಭೂಕಂಪ ಆಗೋದೇ ಇಲ್ಲ. ಒಳಗೇ ಇರಿ" ಎಂದು ಅಪ್ಪಣೆ ಕೊಟ್ಟೆ. ಜಗಲಿಯಲ್ಲಿ ಕೂತವನಿಗೆ ಒಳಗಿನವರಿಗೆ ಧೈರ್ಯ ಹೇಳುವುದು ಬಲು ಸುಲಭ.

"ಇವತ್ತು ಅಮಾಸೆ ಕಣ್ ಮೇಷ್ಟ್ರೇ! ಅಮಾಸೆ ದಿನ ಯಾವನ್ ಮದ್ದಿಕ್ತಾನೆ?"

ನಿಜ. ಅಮಾವಾಸ್ಯೆಗೆ ಕ್ವಾರಿಯವರು ಉಳಿ ಸುತ್ತಿಗೆಗೆ ಪೂಜೆ ಮಾಡಿ ರಜಾ ಹಾಕುತ್ತಾರೆ. ಅದು ನನಗೆ ಹೊಳೆಯುವಷ್ಟರಲ್ಲಿ ಹೊಸ್ತಿಲಲ್ಲಿದ್ದ ಕೆಂಚಮ್ಮ ಒಳಗೆ ನುಗ್ಗಿ, ಕೂಸನ್ನು ಎದೆಗವಚಿಕೊಂಡು ಮಗಳ ರಟ್ಟೆ ಹಿಡಿದೆಳೆದಳು. "ಗಾಳಿ ಕಣವ್ವಾ" ಎಂದಳು ಲಕ್ಷ್ಮಿ.

"ಗಾಳಿ ಹಾಳಾಗೋಗ್ಲಿ, ಈಚೆಗೆ ಬಾರೇ!"

ಮೂವರೂ ಅಂಗಳ ಸೇರಿದ್ದರು. ನೆಲ ಮತ್ತೊಮ್ಮೆ ಅದುರಿತು. ಮಣ್ಣುಗೋಡೆಯಿಂದ ದಪ್ಪನೆಯ ಕಲ್ಲೊಂದು ಜಾರಿ ಖಾಲಿ ತೊಟ್ಟಿಲೊಳಗೆ ಬಿತ್ತು. ಕಾಫಿ ಲೋಟ ಅಲ್ಲೇ ಬಿಟ್ಟು ನಾನೂ ಅಂಗಳಕ್ಕೆ ಹಾರಿದೆ.

ಆಮೇಲೆ ನೆಟ್ಟಗೆ ಓದಿಕೊಂಡೆ. ನಮ್ಮ ನೆಲವೆಲ್ಲ ಒಟ್ಟಾಗಿ ಉತ್ತರದ ಕಡೆಗೆ ಮೆಲ್ಲಗೆ ಒತ್ತುತ್ತಲೇ ಇದೆಯಂತೆ. ಆ ಒತ್ತಡ ಇಲ್ಲಿಯ ಬಂಡೆಗೂ ತಟ್ಟುತ್ತದೆ. ಒಳಗಿನ ಹಳೇ ಬಿರುಕು ತಾಳಲಾರದೆ ಒಮ್ಮೊಮ್ಮೆ ಜಾರುತ್ತದೆ. ಬಂಡೆ ಗಟ್ಟಿ ಎಂದದ್ದು ಸುಳ್ಳಲ್ಲ, ಬಿರುಕೇ ಇಲ್ಲವೆಂದುಕೊಂಡದ್ದು ನನ್ನ ಜಂಬ. ಸಣ್ಣ ನಡುಕಕ್ಕೂ ಹಳೇ ಗೋಡೆ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಓದಬೇಕಾಗಿರಲಿಲ್ಲ.

ಆ ಕೂಸು ಕಾವ್ಯ ಈಗ ನನ್ನದೇ ಆರನೇ ಕ್ಲಾಸು. ಇವತ್ತು ಶನಿವಾರ, ಬೆಳಗಿನ ಸ್ಕೂಲು, ಭೂಕಂಪದ ಪಾಠ. ಕಾರಣ, ಪರಿಣಾಮ ಎಲ್ಲ ಬೋರ್ಡಿನ ಮೇಲೆ ಬರೆದೆ. ಬೆಲ್ಲಾದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಇಷ್ಟು ವರ್ಷ ಈ ಮಾತು ಆಡಲಾಗದೆ ನಾಚಿದ್ದೆ.

"ನೀನು ಕೂಸಾಗಿದ್ದಾಗ ಇಲ್ಲೂ ನೆಲ ನಡುಗಿತ್ತು ಕಾವ್ಯಾ. ಅವತ್ತು ಒಳಗೇ ಇರಿ ಅಂದೋನು ನಾನು."

"ಗೊತ್ತು ಸಾರ್" ಎಂದಳು ಬ್ಯಾಗು ಹೆಗಲಿಗೇರಿಸುತ್ತಾ. "ನಮ್ಮಜ್ಜಿ ಊರಿಗೆಲ್ಲ ಹೇಳೈತೆ. ನಿಮ್ಮುಂದೆ ಮಾತ್ರ ಎತ್ತಬ್ಯಾಡಿ ಅಂದೈತೆ, ಪಾಪ ಬೇಜಾರ್ ಮಾಡ್ಕಂತಾರೆ ಅಂತ."