ಗಾಜಿನ ಅಂಗಳ

ಮುನಿರತ್ನಮ್ಮ ಮದುವೆಯಾಗಿ ಬಂದ ಮನೆಗೆ ದೊಡ್ಡ ಅಂಗಳವಿತ್ತು. ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆ ಅಗಲವಾದಾಗ ಮೊದಲು ಹೋದದ್ದು ಆ ಅಂಗಳ. ಆಮೇಲೆ ಜಗಲಿ, ಅದರ ಹಿಂದೆಯೇ ಮನೆ. ದೇವನಹಳ್ಳಿ ಪೇಟೆಯ ಅಂಚಿನಲ್ಲಿ ಅವರು ಕಟ್ಟಿಸಿಕೊಂಡ ಹೊಸ ಮನೆ ಮಹಡಿಯ ಮೇಲಿತ್ತು. ಕೆಳಗೆ ಎರಡು ಮಳಿಗೆ, ಒಂದರಲ್ಲಿ ಬೇಕರಿ, ಇನ್ನೊಂದರಲ್ಲಿ ಪಂಚರ್ ಅಂಗಡಿ. ರಸ್ತೆಯಿಂದ ನೇರವಾಗಿ ಹತ್ತುವ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲೇ ಬಾಗಿಲು. ಬಾಗಿಲ ಮುಂದೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕು. ಅಷ್ಟು ಜಾಗದಲ್ಲೇ ಮನೆಯವರ ಚಪ್ಪಲಿ, ಮಳಿಗೆಯ ಬಾಡಿಗೆಯವರ ನೀರಿನ ಕ್ಯಾನು.

ಗೃಹಪ್ರವೇಶದ ದಿನ ಮಗ ಉಮಾಶಂಕರ್ ಪೇಟೆಯಿಂದ ರಂಗೋಲಿಯ ಸ್ಟಿಕ್ಕರ್ ತಂದು ಹೊಸ್ತಿಲ ಮುಂದೆ ಅಂಟಿಸಿದ. ಕೆಂಪು ಅಂಚು, ಬಿಳಿ ಕಮಲ. ಇನ್ನು ಬೆಳಗಾಗೆದ್ದು ಅಮ್ಮ ಬಗ್ಗುವುದು ತಪ್ಪಿತು ಎಂದು ಅವನಿಗೆ ಸಮಾಧಾನ. ಮುನಿರತ್ನಮ್ಮ ಚೆನ್ನಾಗಿದೆ ಎಂದರು. ಆದರೆ ದಿನವೂ ಅದನ್ನು ದಾಟುವಾಗ, ಯಾರೋ ಮಲಗಿದ್ದಾರೇನೋ ಎಂಬಂತೆ ಸ್ವಲ್ಪ ಸರಿದು ದಾಟುತ್ತಿದ್ದರು.

ಅವರ ತವರು ನಲ್ಲೂರು. ಹಳೆಯ ಹುಣಸೆ ತೋಪಿನ ಕಡೆಯಿಂದ ಗಾಳಿ ಬೀಸಿದರೆ ಆ ಊರಿನ ಅಂಗಳಗಳಲ್ಲೆಲ್ಲ ಸಣ್ಣ ಎಲೆ ಉದುರುತ್ತಿತ್ತು. ಆ ಎಲೆ ಗುಡಿಸಿ, ನಿನ್ನೆಯ ರಂಗೋಲಿಯನ್ನು ಪರಕೆಯಲ್ಲಿ ಅಳಿಸಿ, ಸಗಣಿನೀರು ಚಿಮುಕಿಸಿ, ನೆಲ ಇನ್ನೂ ಹಸಿಯಾಗಿರುವಾಗಲೇ ಚುಕ್ಕಿ ಇಡಬೇಕು. ಹದಿನೈದು ಚುಕ್ಕಿಯ ಸಾಲನ್ನು ಒಂದೇ ಉಸಿರಿನಲ್ಲಿ ಇಡುವುದನ್ನು ಮುನಿರತ್ನಮ್ಮ ಲಂಗ ಉಡುವ ವಯಸ್ಸಿಗೇ ಕಲಿತಿದ್ದರು. ಅಂಗಳ ಹೋದ ಮೇಲೂ ಬೆಳಗಿನ ಜಾವಕ್ಕೆ ಎಚ್ಚರವಾಗುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಉಜ್ಜಿಕೊಳ್ಳುತ್ತಿತ್ತು.

ಮಗಳು ಹರ್ಷಿತ ಪಿಯುಸಿ ಸೇರಿದಾಗ ಮನೆಗೆ ಕಂಪ್ಯೂಟರ್ ಬಂತು. ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲೇ ಅದಕ್ಕೆ ಮೇಜು ಹಾಕಿದರು. ಒಂದು ದಿನ ಹರ್ಷಿತ ಪೇಂಟ್ ತೆರೆದು ಕಾಲೇಜಿಗೆ ಏನೋ ಚಿತ್ರ ಮಾಡುತ್ತಿದ್ದಳು. ಅಕ್ಕಿ ಆರಿಸುತ್ತ ಕುಳಿತಿದ್ದ ಮುನಿರತ್ನಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. ಪರದೆಯ ಮೇಲೆ ಬಣ್ಣ ಸಣ್ಣ ಸಣ್ಣ ಕಾಳಾಗಿ ಉದುರುತ್ತಿತ್ತು.

"ಇದೇನೇ ಇದು, ಪುಡಿ ಉದುರ್ದಂಗೆ ಉದುರ್ತೈತೆ?"

ಅದು ಸ್ಪ್ರೇ ಎಂದಳು ಮಗಳು. ಮೌಸನ್ನು ಅಮ್ಮನ ಕೈಗೆ ಕೊಟ್ಟಳು. ಮೊದಲ ವಾರ ಎಳೆಗಳೆಲ್ಲ ಕುಡಿದವನ ನಡಿಗೆಯಂತೆ ಹೋದವು. ಆಮೇಲೆ ಮಣಿಕಟ್ಟನ್ನು ಮೇಜಿಗೆ ಊರಿ ಬರಿಯ ಬೆರಳಿನಲ್ಲಿ ನಡೆಸುವುದು ಒಗ್ಗಿತು. ಒತ್ತಿ ಬಿಟ್ಟರೆ ಚುಕ್ಕಿ. ಒತ್ತಿಕೊಂಡೇ ಹೋದರೆ ಎಳೆ.

ಅಲ್ಲಿಂದ ಮುಂದೆ ಅದೇ ಅವರ ಅಂಗಳವಾಯಿತು. ಬೆಳಗ್ಗೆ ಸ್ನಾನ ಮಾಡಿ, ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಂಡಿ ಒತ್ತುವರು. ಪೇಂಟ್ ತೆರೆದು ಹಾಳೆಗೆಲ್ಲ ಸಗಣಿಯ ಬಣ್ಣ ಸುರಿಯುವರು. ಆ ಬಣ್ಣ ಯಾವ ಚೌಕದಲ್ಲಿದೆ ಎಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಆಮೇಲೆ ಬಿಳಿ ಪುಡಿ. ದೇವರಿಗೆ ದೀಪ ಹಚ್ಚುವುದು ಅದಾದ ಮೇಲೆಯೇ. ದಿನವೆಲ್ಲ ರಂಗೋಲಿ ಹಾಗೇ ಇರುತ್ತಿತ್ತು. ಉಮಾಶಂಕರ್ ಅದರ ಮೇಲೇ ತನ್ನ ಕೆಲಸ ತೆರೆಯುತ್ತಿದ್ದ, ಅಂಗಳದಲ್ಲಿ ಸೈಕಲ್ ನಿಲ್ಲಿಸಿದಂತೆ. ಕತ್ತಲಾದ ಮೇಲೆ ಯಂತ್ರ ಆರಿಸುವಾಗ ಅದೊಂದು ಪ್ರಶ್ನೆ ಕೇಳುತ್ತಿತ್ತು, ಮೂರು ಗುಂಡಿ ತೋರಿಸುತ್ತಿತ್ತು. ಉಳಿಸಬೇಕೇ ಎಂದು ಕೇಳುವುದು ಅದು, ಬೇಡ ಎನ್ನುವುದು ನಡುವಿನ ಗುಂಡಿ ಎಂದು ಹರ್ಷಿತ ಹೇಳಿಕೊಟ್ಟಿದ್ದಳು. ಮುನಿರತ್ನಮ್ಮ ಪ್ರತಿ ಸಂಜೆ ನಡುವಿನದನ್ನೇ ಒತ್ತಿದರು. ಅಷ್ಟು ವರ್ಷದಲ್ಲಿ ಒಂದೇ ಒಂದು ರಂಗೋಲಿಯನ್ನೂ ಉಳಿಸಲಿಲ್ಲ.

ಅವರ ಗಂಡ ಪಿಳ್ಳಪ್ಪ ದ್ರಾಕ್ಷಿ ತೋಟಕ್ಕೆ ಹೊರಡುವಾಗ ಒಮ್ಮೆ ಇಣುಕಿ ನೋಡಿ, ಇವತ್ತು ಬಳ್ಳಿ ಎಡಕ್ಕೆ ವಾಲಿದೆ ಎಂದೋ, ಕರೆಂಟು ಹೋದರೆ ನಿನ್ನ ಅಂಗಳವೇ ಕತ್ತಲು ಎಂದೋ ಛೇಡಿಸಿ ಹೋಗುತ್ತಿದ್ದರು.

ಹೊಸ ವಿಮಾನ ನಿಲ್ದಾಣ ಶುರುವಾಗಿ ಎರಡು ವರ್ಷ ಕಳೆದಿತ್ತು. ಉಮಾಶಂಕರ್ ಅಲ್ಲಿ ಸರಕು ಸಾಗಣೆಯ ಗೋದಾಮಿನಲ್ಲಿ ಪಾಳಿಯ ಕೆಲಸಕ್ಕೆ ಸೇರಿದ್ದ. ಹರ್ಷಿತ ಬಿ.ಕಾಂ. ಓದುತ್ತಿದ್ದಳು. ಅವಳು ಕಾಲೇಜಿನಿಂದ ತಂದ ಫೈಲುಗಳು ಮನೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತಿರಲಿಲ್ಲ. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿ ಹಳೆಯದಾಯಿತು, ವಿಂಡೋಸ್ ಸೆವೆನ್ ಹಾಕಿಸಿಬಿಡಿ ಎಂದು ಎಲ್ಲರೂ ಹೇಳತೊಡಗಿದರು. ಉಮಾಶಂಕರನ ಗೆಳೆಯ ವಿಜಯ್ ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ಭಾನುವಾರ ಅವನು ಸಿ.ಡಿ. ಚೀಲ ಹೆಗಲಿಗೆ ಹಾಕಿಕೊಂಡು ಬಂದ.

ಸಂಜೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು ಎಂದು ಮುನಿರತ್ನಮ್ಮ ಮೊದಲೇ ಹೇಳಿದ್ದರು. ಎಲ್ಲ ಒರೆಸಿಹೋಗುತ್ತದೆ, ಏನೇನು ಬೇಕೋ ಈಗಲೇ ಹೇಳಿಬಿಡಿ ಎಂದ ವಿಜಯ್. ಉಮಾಶಂಕರ್ ಗೃಹಪ್ರವೇಶದ ಫೋಟೋ ಎಂದ, ಹರ್ಷಿತ ಹಾಡುಗಳು ಎಂದಳು. ಕಾಫಿ ಹಿಡಿದು ನಿಂತಿದ್ದ ಮುನಿರತ್ನಮ್ಮನವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನೂ ಇಲ್ಲ ಎನ್ನುತ್ತಿದ್ದರು.

ಕೆಲಸ ಅರ್ಧವಾಗಿತ್ತು, ಕೆಳಗಿನ ಬೇಕರಿಯ ಹಿಟ್ಟು ಕಲಸುವ ಯಂತ್ರ ಶುರುವಾದದ್ದೇ ದೀಪಗಳು ಮಂಕಾಗಿ ಯುಪಿಎಸ್ ಕೂಗತೊಡಗಿತು. ಈಗ ನಿಂತರೆ ಮತ್ತೆ ಮೊದಲಿನಿಂದ ಎಂದ ವಿಜಯ್. ಉಮಾಶಂಕರ್ ಮೆಟ್ಟಿಲಿಳಿದು ಓಡಿದ. ಬೇಕರಿಯ ಜವರಪ್ಪ ಯಂತ್ರ ನಿಲ್ಲಿಸಿ, ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ಮೇಲೆ ನೋಡಿದ.

"ಏನ್ ಗುರು, ನಿಮ್ ಕಂಪ್ಯೂಟ್ರಿಗೆ ಹೆರಿಗೆನಾ? ಸದ್ದೂ ಮಾಡಂಗಿಲ್ವಾ?"

ಆ ಸಂಜೆ ಬೇಕರಿಯಲ್ಲಿ ಪಫ್ ತಡವಾಯಿತು. ಮೇಲೆ ಹೊಸ ವಿಂಡೋಸ್ ನೀಲಿ ಬೆಳಕು ಚೆಲ್ಲಿ ಕಣ್ಣು ಬಿಟ್ಟಿತು. ಅಣ್ಣ ತಂಗಿ ಕಿತ್ತಾಡದಿರಲೆಂದು ವಿಜಯ್ ಇಬ್ಬರಿಗೂ ಬೇರೆ ಬೇರೆ ಪ್ರವೇಶ ಮಾಡಿಕೊಟ್ಟ. ಉಮಾಶಂಕರನ ಹೆಸರಿಗೆ ಫುಟ್‌ಬಾಲ್ ಚಿತ್ರ, ಹರ್ಷಿತಳಿಗೆ ಬೆಕ್ಕಿನ ಮರಿ, ಇಬ್ಬರಿಗೂ ಪಾಸ್‌ವರ್ಡ್. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು, ನೋಡಿ ಎಂದು ಒಂದು ಗುಂಡಿ ಒತ್ತಿದ.

ಪರದೆಯ ತುಂಬ ಮುನಿರತ್ನಮ್ಮ ಆ ದಿನ ಬೆಳಗ್ಗೆ ಇಟ್ಟಿದ್ದ ರಂಗೋಲಿ. ಒರೆಸುವ ಮೊದಲು ಅದು ಅವನ ಕಣ್ಣಿಗೆ ಬಿದ್ದಿತ್ತು. ಯಾರದೆಂದು ಕೇಳಿದಾಗ ಉಮಾಶಂಕರ್, ಅಮ್ಮ ದಿನಾ ಏನೋ ಬಿಡಿಸ್ತಾರೆ ಎಂದಿದ್ದ. ವಿಜಯ್ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಈಗ ಡೆಸ್ಕ್‌ಟಾಪಿಗೆ ಹಾಸಿದ್ದ.

"ಇನ್ಮೇಲೆ ಇದು ಅಳಿಸೋಗಲ್ಲ ಅಮ್ಮ. ಯಾವಾಗ್ಲೂ ಇಲ್ಲೇ ಇರ್ತದೆ."

ಅವನ ಮುಖ ನೋಡಿ ಮುನಿರತ್ನಮ್ಮನವರಿಗೆ ಮನಸ್ಸು ಕರಗಿತು. ಚೆನ್ನಾಗೈತೆ ಕಣಪ್ಪ ಎಂದರು. ಊಟ ಮಾಡಿಕೊಂಡೇ ಹೋಗಬೇಕೆಂದು ಕೂರಿಸಿ, ಅವಸರದಲ್ಲಿ ಶಾವಿಗೆ ಪಾಯಸ ಮಾಡಿ ಬಡಿಸಿದರು.

ಮರುದಿನ ಬೆಳಗ್ಗೆ ಗಾಜು ಒರೆಸಿ ಗುಂಡಿ ಒತ್ತಿದರು. ನೀಲಿ ಪರದೆಯ ಮೇಲೆ ಫುಟ್‌ಬಾಲ್ ಮತ್ತು ಬೆಕ್ಕಿನ ಮರಿ. ಬೆಕ್ಕಿನ ಮರಿಯ ಮೇಲೆ ಒತ್ತಿದರೆ ಉದ್ದನೆಯ ಖಾಲಿ ಪಟ್ಟಿ ಬಂತು, ಅದರಲ್ಲಿ ಮಿನುಗುವ ಒಂದು ಗೆರೆ. ಏನೋ ಕೇಳುತ್ತಿದೆ ಎಂದು ತಿಳಿಯಿತು, ಏನು ಹೇಳಬೇಕೆಂದು ತಿಳಿಯಲಿಲ್ಲ. ಫುಟ್‌ಬಾಲ್ ಒತ್ತಿದರೂ ಅದೇ. ಎದ್ದು ಹೋಗಿ ದೀಪ ಹಚ್ಚಿದರು. ರಂಗೋಲಿಯಿಲ್ಲದೆ ಹಚ್ಚಿದ ದೀಪ ಅವರಿಗೆ ಇಡೀ ದಿನ ಬಿಗಿಯಾದ ಬಟ್ಟೆಯಂತೆ ಇರುಸುಮುರುಸು ಮಾಡಿತು.

ಸಂಜೆ ಉಮಾಶಂಕರ್ ಕಂಪ್ಯೂಟರ್ ಹಾಕಿದಾಗ ಭಾನುವಾರದ ರಂಗೋಲಿ ಹಾಗೇ ಬಿದ್ದಿತ್ತು. ಮೇಲಿನ ಮೂಲೆಯ ಹೂವಿನ ಮೇಲೆ ಸಣ್ಣದೊಂದು ಕಸದ ಬುಟ್ಟಿಯ ಚಿತ್ರ ಕುಳಿತಿತ್ತು. ಅದು ಅಳಿಸಿದ್ದನ್ನೆಲ್ಲ ಹಾಕುವ ಬುಟ್ಟಿ, ಅಲ್ಲೇ ಇರೋದು ಅಮ್ಮ ಎಂದ ಮಗ. ಮಂಗಳವಾರವೂ ಅದೇ ರಂಗೋಲಿ, ಅದರ ಮೇಲೆ ಅದೇ ಬುಟ್ಟಿ. ಶುಕ್ರವಾರವೂ ಅದೇ.

ಒಳಗೆ ಹೋಗುವುದು ಹೇಗೆಂದು ಮಕ್ಕಳನ್ನು ಕೇಳಿಬಿಡಬಹುದಿತ್ತು. ಆದರೆ ಬೆಳಗ್ಗೆ ಅವರು ಏಳುವ ಹೊತ್ತಿಗೆ ಮಗಳಿಗೆ ಒಳ್ಳೆಯ ನಿದ್ದೆ, ಮಗ ಪಾಳಿಯಲ್ಲಿ. ಹಗಲಿನಲ್ಲಿ ಕೇಳಲು ಬಾಯಿ ಬರುತ್ತಿರಲಿಲ್ಲ. ವಯಸ್ಸಾದವಳಿಗೆ ಕಂಪ್ಯೂಟರಿನಲ್ಲಿ ಏನು ಅವಸರ ಎಂದು ಯಾರೂ ಅನ್ನುತ್ತಿರಲಿಲ್ಲ. ತನಗೇ ಹಾಗೆ ಅನ್ನಿಸಿಬಿಟ್ಟೀತು ಎಂಬ ಅಳುಕು. ಒಂದು ಬೆಳಗ್ಗೆ ಚಪ್ಪಲಿ ಸರಿಸಿ, ಸ್ಟಿಕ್ಕರಿನ ಪಕ್ಕದ ಚೂರು ಜಾಗದಲ್ಲೇ ಪುಡಿ ಹಿಡಿದು ನಾಲ್ಕು ಎಳೆ ಎಳೆದರು. ಕಾಫಿ ಕುಡಿಯುವಷ್ಟರಲ್ಲಿ ಬಾಡಿಗೆಯವರ ನೀರಿನ ಕ್ಯಾನು ಅದರ ಮೇಲೆ ಉರುಳಿಹೋಗಿತ್ತು.

ಅದಾದ ಮೇಲಿನ ಬೆಳಗು. ಪರೀಕ್ಷೆ ಹತ್ತಿರವಾಗಿ ಓದಲೆಂದು ಬೇಗ ಎದ್ದ ಹರ್ಷಿತ ನಡುಮನೆಗೆ ಬಂದಾಗ ಅಮ್ಮ ನೀಲಿ ಬೆಳಕಿನ ಮುಂದೆ ಕುಳಿತಿದ್ದರು. ಒದ್ದೆ ಬಟ್ಟೆ ಮಡಿಲಲ್ಲಿತ್ತು. ಮೌಸನ್ನು ಮುಟ್ಟಿರಲಿಲ್ಲ.

"ಯಾಕಮ್ಮ ಸುಮ್ನೆ ಕೂತಿದೀಯ?"

"ಬಾಗ್ಲಲ್ಲಿ ನಿಂತ್ಕೊಂಡ್ರೆ ಯಾರು ನೀನು ಅಂತ ಕೇಳ್ತೈತೆ ಕಣೆ. ನಿಮ್ಮಿಬ್ರ ಹೆಸ್ರು ಬಿಟ್ರೆ ಅಲ್ಲಿ ಯಾರ ಹೆಸ್ರೂ ಇಲ್ಲ."

ಒಂದು ವಾರ ಅಮ್ಮ ರಂಗೋಲಿ ಇಟ್ಟಿಲ್ಲ ಎಂಬುದು ಹರ್ಷಿತಳಿಗೆ ಹೊಳೆದದ್ದೇ ಆಗ. ಪರದೆಯಲ್ಲಿ ರಂಗೋಲಿ ಇತ್ತಲ್ಲ, ಕಣ್ಣು ಅದನ್ನೇ ನಂಬಿಬಿಟ್ಟಿತ್ತು. ನನ್ನ ಪಾಸ್‌ವರ್ಡ್ ಹೇಳಿಬಿಡುತ್ತೇನೆ ಎಂದಳು. ನಿನ್ನ ಬಾಗಿಲು ನಿನಗಿರಲಿ ಎಂದರು ಅಮ್ಮ. ಹೊಸ ಹೆಸರು ಸೇರಿಸುವ ಅಧಿಕಾರವನ್ನು ವಿಜಯ್ ಉಮಾಶಂಕರನ ಕಡೆಗೆ ಇಟ್ಟಿದ್ದ. ಇಬ್ಬರೂ ಅವನಿಗಾಗಿ ಕಾದರು.

ಉಮಾಶಂಕರ್ ಪಾಳಿ ಮುಗಿಸಿ ಬಂದ. ಶೂ ಬಿಚ್ಚುತ್ತಲೇ ವಿಷಯ ಕೇಳಿಸಿಕೊಂಡ. ಹೆಸರು ಸೇರಿಸಲು ಒಪ್ಪಿದ. ಪರದೆಗೆ ಹಾಸಿದ ರಂಗೋಲಿಯನ್ನು ತೆಗೆದುಬಿಡು ಎಂದು ಅಮ್ಮ ಹೇಳಿದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಅದರ ಫೋಟೋ ಹೊಡೆದುಕೊಂಡು ಹೋಗಿ ಗೋದಾಮಿನಲ್ಲಿ ಎಲ್ಲರಿಗೂ ತೋರಿಸಿದ್ದ.

"ಅಷ್ಟು ಚೆಂದಾಗಿ ಇಟ್ಕೊಟ್ಟವ್ನೆ ವಿಜಯ್. ನಿಂದೇ ರಂಗೋಲಿ ಅಲ್ವೇನಮ್ಮ? ಇದ್ರೆ ಏನಾಯ್ತು?"

ಮುನಿರತ್ನಮ್ಮ ಒದ್ದೆ ಬಟ್ಟೆಯನ್ನು ಮಡಚಿದರು, ಬಿಚ್ಚಿ ಮತ್ತೆ ಮಡಚಿದರು.

"ನಲ್ಲೂರಲ್ಲಿ ನಮ್ಮ ಎದುರುಮನೆ ಪಾಪಮ್ಮ ಅಂತ ಇದ್ಲು. ಒಂದಿನ ಹೊತ್ತು ನೆತ್ತಿಗೆ ಬಂದ್ರೂ ಅವ್ಳ ಬಾಗ್ಲಲ್ಲಿ ನಿನ್ನೆ ರಂಗೋಲಿನೇ ಬಿದ್ದಿತ್ತು. ನಮ್ಮವ್ವ ಅದನ್ನ ನೋಡಿದ್ದೇ ಕೈಯಾಗಿನ ಕೆಲ್ಸ ಬಿಟ್ಟು ಓಡಿದ್ಲು. ಒಳಗೆ ಪಾಪಮ್ಮ ಜ್ವರ ಬಂದು ಮೇಲೇಳಕ್ಕಾಗ್ದೆ ಮಲಗಿದ್ಲು." ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ನಿನ್ನೇದು ಅಳಿಸಿಲ್ಲ ಅಂದ್ರೆ, ಅಳಿಸೋ ಕೈಗೆ ಏನೋ ಆಗೈತೆ ಅಂತ ಕಣಪ್ಪ. ನಂಗೇನೂ ಆಗಿಲ್ವಲ್ಲ."

ಉಮಾಶಂಕರ್ ಒಂದು ಕಾಲಿನ ಶೂ ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಕುಳಿತಿದ್ದ. ಅವನು ಬಾಗಿಲ ಕಡೆ, ಹೊಸ್ತಿಲಾಚೆಯ ಕೆಂಪು ಅಂಚಿನ ಕಮಲದ ಕಡೆ ನೋಡಿದ. ಆಮೇಲೆ ಎದ್ದು ಬಂದು, ಒಂದೇ ಶೂನಲ್ಲಿ ಕುಂಟುತ್ತ, ಕುರ್ಚಿ ಎಳೆದುಕೊಂಡ.

ಹೊಸ ವಿಂಡೋಸಿನಲ್ಲಿ ಕನ್ನಡ ಬರುತ್ತದೆ ಎಂದು ಹರ್ಷಿತ ಕಾಲೇಜಿನಲ್ಲಿ ಕೇಳಿದ್ದಳು. ಯಾವ ಅಕ್ಷರ ಎಲ್ಲಿದೆ ಎಂದು ಹುಡುಕಿ ಹುಡುಕಿ ಒತ್ತಿ, ಕೊನೆಗೂ ಮುನಿರತ್ನಮ್ಮ ಎಂಬ ಹೆಸರು ಮೂಡಿತು. ತಮ್ಮ ಹೆಸರನ್ನು ಆ ಗಾಜಿನ ಮೇಲೆ ತಾವೇ ಓದಿಕೊಂಡರು ಮುನಿರತ್ನಮ್ಮ. ಚಿತ್ರಗಳಲ್ಲಿ ಹೂವಿತ್ತು, ಚಿಟ್ಟೆಯಿತ್ತು. ಅವರು ನಾಯಿಮರಿ ಆರಿಸಿದರು. ಅಂಗಳ ಎಂದ ಮೇಲೆ ಒಂದು ನಾಯಿ ಇರಬೇಕಲ್ಲ ಎಂದರು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದ ಮಗನನ್ನು ವಿಚಿತ್ರವಾಗಿ ನೋಡಿದರು.

"ಅಂಗಳಕ್ಕೆ ಬೀಗ ಯಾರಾದ್ರೂ ಹಾಕ್ತಾರೇನೋ?"

ನಾಯಿಮರಿಯ ಮೇಲೆ ಒತ್ತಿದರೆ ಯಾವ ಪ್ರಶ್ನೆಯೂ ಇಲ್ಲದೆ ತೆರೆಯಿತು. ಭಾನುವಾರದ ರಂಗೋಲಿಯನ್ನು ಉಮಾಶಂಕರ್ ಎಲ್ಲ ಕಡೆಯಿಂದಲೂ ತೆಗೆದಿದ್ದ, ಇಲ್ಲಿ ಹಿನ್ನೆಲೆಗೆ ಬರಿಯ ಸಗಣಿಯ ಬಣ್ಣ. ಕಸದ ಬುಟ್ಟಿಯನ್ನು ಹರ್ಷಿತ ಎಳೆದು ಎಳೆದು ಕೆಳಗಿನ ಮೂಲೆಗೆ ಸೇರಿಸಿದಳು.

ಪೇಂಟ್ ಮಾತ್ರ ಗುರುತು ಸಿಗದಷ್ಟು ಬದಲಾಗಿತ್ತು. ಎಡಕ್ಕಿದ್ದ ಸಾಮಾನುಗಳನ್ನೆಲ್ಲ ಯಾರೋ ಅಟ್ಟಕ್ಕೆ ಏರಿಸಿದಂತೆ ಮೇಲೆ ಸಾಲಾಗಿ ಜೋಡಿಸಿದ್ದರು. ಪುಡಿಯ ಡಬ್ಬಿ ಎಲ್ಲೂ ಕಾಣಲಿಲ್ಲ. ಹರ್ಷಿತ ಕುಂಚದ ಚಿತ್ರದ ಕೆಳಗಿನ ಸಣ್ಣ ಬಾಣ ಒತ್ತಿದಾಗ, ಏಳೆಂಟು ಕುಂಚಗಳ ಜೊತೆಯಲ್ಲಿ ಅದೂ ಅಡಗಿ ಕುಳಿತಿತ್ತು. ಮೊದಲ ಎಳೆ ಬೇಕೆಂದ ಕಡೆಗೆ ಹೋಗಲಿಲ್ಲ. ಚುಕ್ಕಿಗಳ ಒಂದು ಸಾಲು ಸೊಟ್ಟಗಾಯಿತು. ಮುನಿರತ್ನಮ್ಮ ಅದನ್ನು ತಿದ್ದಲಿಲ್ಲ, ಸೊಟ್ಟ ಸಾಲಿಗೆ ತಕ್ಕಂತೆ ಬಳ್ಳಿಯನ್ನು ಬಳಸಿ ತಂದರು. ಆಮೇಲೆ ಹೋಗಿ ದೀಪ ಹಚ್ಚಿದರು.

ಸ್ವಲ್ಪ ದಿನದ ಮೇಲೆ ಸ್ಪೀಕರ್ ಸರಿಮಾಡಲೆಂದು ವಿಜಯ್ ಬಂದ. ಕಂಪ್ಯೂಟರ್ ಹಾಕಿದರೆ ಮೂರನೆಯ ಹೆಸರೊಂದು, ಅದರೊಳಗೆ ಅವನು ಕಾಣದ ಬೇರೆಯೇ ರಂಗೋಲಿ. ತಾನು ಹಾಸಿಕೊಟ್ಟಿದ್ದು ಇರಲಿಲ್ಲ. ಅಷ್ಟು ಚೆನ್ನಾಗಿತ್ತು, ಯಾಕಮ್ಮ ಅಳಿಸಿದ್ರಿ ಎಂದು ಮೆಲ್ಲಗೆ ಕೇಳಿದ.

ಅವನ ಮುಂದೆ ಕಾಫಿ ಲೋಟ ಇಡುತ್ತ ಮುನಿರತ್ನಮ್ಮ ಪರದೆಯ ಕಡೆ ಕೈ ತೋರಿಸಿದರು.

"ಇದ್ನೂ ಅಳಿಸ್ತೀನಿ ಕಣಪ್ಪ, ಸಂಜೆಗೆ. ನೀನು ನಾಳೆ ಬಾ, ಇನ್ನೊಂದಿರ್ತದೆ."