ಪಾಪರ್ ಅರ್ಜಿಗೆ ಜರಿ ರುಮಾಲು

ಕುರುಗೋಡಿನ ಜವಳಿ ಅಂಗಡಿ ಎರ್ರಿಸ್ವಾಮಿಗೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು. ಅಂಗಡಿಗೆ ಬಂದವರಿಗೆಲ್ಲ ಎಲೆ ಅಡಿಕೆ, ಹೊತ್ತಾದರೆ ಊಟ. ಬಟ್ಟೆಯ ದುಡ್ಡು ಮಾತ್ರ ಮುಂದಿನ ಸುಗ್ಗಿಗೆ. ಮದುವೆಗೆ ಹೊರಟರೆ ಉಂಗುರ ಒಬ್ಬರದು, ಶಲ್ಯ ಇನ್ನೊಬ್ಬರದು, ಗಾಡಿ ಮತ್ತೊಬ್ಬರದು. ಯಾರು ಕೇಳಿದರೂ "ನಂದೇ" ಅನ್ನುತ್ತಿದ್ದ. ಹೀಗಾದರೆ ಅಂಗಡಿ ಎಷ್ಟು ದಿನ ನಿಂತೀತು? ವಿಕ್ಟೋರಿಯಾ ರಾಣಿಯ ಜುಬಿಲಿ ನಡೆದ ವರ್ಷವೇ ಸಿರುಗುಪ್ಪದ ಸಾಹುಕಾರ ದೊಡ್ಡಬಸಪ್ಪ ತನ್ನ ಸಾಲಕ್ಕಾಗಿ ಬಳ್ಳಾರಿ ಕೋರ್ಟಿನಲ್ಲಿ ಡಿಕ್ರಿ ಮಾಡಿಸಿ, ಎರ್ರಿಸ್ವಾಮಿಯನ್ನು ಹಿಡಿಸಲು ವಾರಂಟನ್ನೂ ತಂದ.

ಜೈಲು ತಪ್ಪಿಸಿಕೊಳ್ಳಲು ಉಳಿದದ್ದು ಒಂದೇ ದಾರಿ. ಬಳ್ಳಾರಿ ಬ್ರೂಸ್‌ಪೇಟೆಯ ವಕೀಲ ವಾಸುದೇವರಾಯರು, ದಿವಾಳಿಯಾಗಿದ್ದೇನೆಂದು ಹೇಳಿಕೊಳ್ಳುವ ಪಾಪರ್ ಅರ್ಜಿ ಬರೆದುಕೊಟ್ಟರು. ಇದ್ದಬದ್ದದ್ದನ್ನೆಲ್ಲ ಪಟ್ಟಿ ಮಾಡಿ ಕೋರ್ಟಿಗೆ ಒಪ್ಪಿಸಿದರೆ ಬಚಾವು; ಒಂದು ಚೂರು ಬಚ್ಚಿಟ್ಟರೂ ಅರ್ಜಿ ವಜಾ, ಜೈಲು ಖಾತ್ರಿ.

"ಮುಂದಿನ ವಾರ ವಿಚಾರಣಿ ಅದ. ಹಳೇ ಧೋತರ ಉಟ್ಕೊಂಡು ಬಾ. ಪಾಪರ್ ಆದವ ಪಾಪರ್ ಹಂಗೇ ಕಾಣಬೇಕು," ಅಂದರು ರಾಯರು.

ತಲೆಯೇನೋ ಆಡಿಸಿದ. ಆದರೆ ಮಾಸಿದ ರುಮಾಲು ಸುತ್ತಿಕೊಂಡು ಜಡ್ಜರ ಮುಂದೆ ನಿಲ್ಲಲು ಜೀವ ಒಪ್ಪಲಿಲ್ಲ. ಕೊನೆಯ ಸಲ ಸಾಹುಕಾರನ ಕಾಲು ಹಿಡಿದು ನೋಡೋಣವೆಂದು ಸಿರುಗುಪ್ಪಕ್ಕೆ ಹೋದರೆ, ಅವನು ಆಗಲೇ ಬಳ್ಳಾರಿಗೆ ಹೊರಟುಬಿಟ್ಟಿದ್ದ. ಮನೆಯಲ್ಲಿ ಸಾಹುಕಾರನ ಹೆಂಡತಿ ಗುರುಬಸಮ್ಮ ಇದ್ದಳು. ಅವಳ ತವರು ಕುರುಗೋಡು. ತವರೂರಿನ ಗಂಡಸರೆಲ್ಲ ಅವಳಿಗೆ ಅಣ್ಣತಮ್ಮಂದಿರೇ.

"ತಂಗೀ, ಕೋರ್ಟಿಗೆ ಹೊಂಟೀನಿ. ತಲಿಗೊಂದು ಚಲೋ ರುಮಾಲಿಲ್ಲ," ಅಂದ. ಅವಳು ಪೆಟ್ಟಿಗೆ ತೆಗೆದು, "ಜ್ವಾಕ್ಯಾಗಿ ತಂದು ಕೊಡಣ್ಣಾ," ಎಂದು ಗಂಡನ ಜರಿ ರುಮಾಲನ್ನೇ ಕೊಟ್ಟಳು.

ವಿಚಾರಣೆಯ ಬೆಳಗ್ಗೆ ಎರ್ರಿಸ್ವಾಮಿಯ ಹೆಂಡತಿ ಕೊಟ್ರಮ್ಮ, "ಪಾಪರ್ ಆಗಾಕ ಮದುಮಗನಂಗ ಹೊಂಟೀರಲ್ರೀ!" ಎಂದು ಹಣೆ ಚಚ್ಚಿಕೊಂಡಳು. ಕೋರ್ಟಿನ ಮೆಟ್ಟಿಲ ಮೇಲೆ ಅವನನ್ನು ಕಂಡ ರಾಯರು ತೆರೆದ ಬಾಯಿ ಮುಚ್ಚುವ ಮೊದಲೇ ಕರೆ ಬಂತು.

ದೊಡ್ಡಬಸಪ್ಪ ನಿಂತಲ್ಲೇ ಕುಣಿದಾಡಿದ. "ನೋಡ್ರೀ ಸ್ವಾಮಿ! ತಲಿಮ್ಯಾಗ ಇಷ್ಟು ಜರಿ ಹೊತ್ಕೊಂಡಾನ. ಪಟ್ಟಿಯಾಗ ಎಲ್ಲೈತಿ ಇದು? ಇನ್ನೂ ಏನೇನು ಮುಚ್ಚಿಟ್ಟಾನೋ!"

ಜಡ್ಜ್ ಸಾಹೇಬರು ಪಟ್ಟಿ ನೋಡಿದರು, ರುಮಾಲು ನೋಡಿದರು. "ಇದು ಯಾರದು?" ಎಂದು ಕೇಳಿದರು.

"ನಂದೇ" ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಹಾಗಂದರೆ ಜೈಲು. ಬೇರೆಯವರದು ಅಂದರೆ, ಇಷ್ಟು ವರ್ಷ ಮೆರೆದ ಡೌಲೆಲ್ಲ ತುಂಬಿದ ಕೋರ್ಟಿನಲ್ಲಿ ಮಣ್ಣುಪಾಲು. ಎರ್ರಿಸ್ವಾಮಿಗೆ ಅಳುವೇ ಬಂತು. ಕಿಟಕಿಯಾಚೆ, ಬೇವಿನ ಮರದಡಿ ರೊಟ್ಟಿಗಂಟು ಹಿಡಿದು ಕೂತ ಕೊಟ್ರಮ್ಮ ಕಂಡಳು.

"ಕಡಾ ಇಸ್ಕೊಂಡು ತಂದದ್ರೀ," ಅಂದ. "ಸಾವ್ಕಾರ್ರ ಮನಿದೇ ಐತ್ರೀ. ಗುರುಬಸಮ್ಮ ತಂಗಿ ಕೊಟ್ಲು."

ದೊಡ್ಡಬಸಪ್ಪ ಹತ್ತಿರ ಬಂದು ಅಂಚು ಹಿಡಿದು ನೋಡಿದ. ಮಗಳ ಮದುವೆಯಲ್ಲಿ ತಾನೇ ಬೀಳಿಸಿಕೊಂಡ ಎಲೆಯಡಿಕೆಯ ಕಲೆ ಹಾಗೇ ಇತ್ತು. "ನಂದೇ ಐತ್ರೀ," ಎಂದು ಒಪ್ಪಿಕೊಂಡ. ಕೋರ್ಟಿಗೆ ಕೋರ್ಟೇ ನಕ್ಕಿತು. ಅರ್ಜಿ ಮಂಜೂರಾಯಿತು.

ಹೊರಗೆ ಬಂದಮೇಲೆ ದೊಡ್ಡಬಸಪ್ಪನಿಗೂ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡಪಾ. ಬರೀ ತಲಿಲೆ ಬ್ರೂಸ್‌ಪ್ಯಾಟಿ ದಾಟಬ್ಯಾಡ. ಊರು ಮುಟ್ಟೂತನಕ ರುಮಾಲು ನಿನ್ನ ಹಂತ್ಯಾಕೇ ಇರ್ಲಿ," ಅಂದ.

ಎರ್ರಿಸ್ವಾಮಿ ರುಮಾಲು ಬಿಚ್ಚಿ, ಮಡಿಸಿ, ಅವನ ಕೈಗಿಟ್ಟ. "ಬ್ಯಾಡ್ರೀ ಸಾವ್ಕಾರ್ರ. ಇವತ್ತರ ನನ್ನ ತಲಿ ನಂದಾಗಿರ್ಲಿ."

ಬಿಸಿಲು ಸುಡುತ್ತಿತ್ತು. ಕೊಟ್ರಮ್ಮ ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆಯನ್ನು ಕೊಡವಿ, ತಾನೇ ಅವನ ತಲೆಗೆ ಸುತ್ತಿದಳು. ಅಲ್ಲಲ್ಲಿ ತೇಪೆ ಹಾಕಿದ ಬಟ್ಟೆ, ಆದರೆ ಅವರದೇ.