ಮಗಳ ಪಕ್ಕದ ಜಾಗ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ಯಾರಿಗೆ ಏನು ಕೊಟ್ಟರೂ "ಇಟ್ಕೋರಿ, ನಮಗ್ಯಾಕ" ಎನ್ನುತ್ತಿದ್ದರು. ಮಿಷನ್ ಕೆಲಸಕ್ಕೆಂದು ಗಂಡನೊಂದಿಗೆ ಆಫ್ರಿಕಾಕ್ಕೆ ಹೊರಟಾಗ ಬೀರು, ಹೊಲಿಗೆ ಮಷೀನು, ಮಲ್ಲಿಗೆ ಕುಂಡಗಳನ್ನೆಲ್ಲ ಹಾಗೆಯೇ ಹಂಚಿದರು.

ಹೊರಡುವ ಹಿಂದಿನ ದಿನ ಇಬ್ಬರೂ ಮಗಳ ಸಮಾಧಿಗೆ ಹೂವಿಡಲು ಹೋದರು, ನಾನೂ ಜೊತೆಗಿದ್ದೆ. ಅದರ ಪಕ್ಕದಲ್ಲಿ ತಮ್ಮಿಬ್ಬರಿಗೆಂದು ಅವರು ಎಂದೋ ಕಾದಿರಿಸಿದ್ದ ಜಾಗವಿತ್ತು. ನರ್ಸಮ್ಮ ಸೆರಗಿನಿಂದ ಕಲ್ಲಿನ ಧೂಳು ಒರೆಸುತ್ತ ಸ್ಮಶಾನದ ಕಾವಲುಗಾರನಿಗೆ ಹೇಳಿದರು: "ಈ ಜಾಗ ಯಾರಿಗಾದ್ರೂ ಕೊಡ್ರಿ. ನಮಗ್ಯಾಕ."

"ಹಂಗಂದ್ರ ವಾಪಸ್ ಬರಂಗಿಲ್ಲೇನ್ರಿ?" ಎಂದೆ.

ನರ್ಸಮ್ಮ ಧೂಳು ಒರೆಸುತ್ತಲೇ ಇದ್ದರು. ಗಂಡನಿಗೂ ಅದು ತಿಳಿದದ್ದು ಆಗಲೇ. ಅವರು ಮೆಲ್ಲಗೆ ಚಪ್ಪಲಿ ಕಳಚಿ, ಆ ಖಾಲಿ ಜಾಗದಲ್ಲಿ ಕೂತುಬಿಟ್ಟರು.